ಕೊನೆಯ ನಲವತ್ತು ಸೆಕೆಂಡು

ಫುಸ್ಸ್ ಎಂದು ಎಲ್ಲೋ ಗಾಳಿ ಸೋರಿತು.

ಅವಳು ಗುಂಡಿಯ ಮೇಲಿನ ಬೆರಳನ್ನು ಹಾಗೇ ಇಟ್ಟುಕೊಂಡು ಉಸಿರು ಬಿಗಿಹಿಡಿದಳು. ಒಂದು ಕಿವಿಯ ಹೆಡ್‌ಫೋನ್ ಸರಿಸಿದಳು. ಏನೂ ಇಲ್ಲ. ಪಿಟೀಲಿನ ಧ್ವನಿಮುದ್ರಿಕೆಯನ್ನು ಹತ್ತು ಸೆಕೆಂಡು ಹಿಂದಕ್ಕೆ ಒಯ್ದು ಮತ್ತೆ ಕೇಳಿದಳು. ಅಲ್ಲೂ ಏನೂ ಇಲ್ಲ. ಅಷ್ಟರಲ್ಲಿ ಇನ್ನೊಂದು ಫುಸ್ಸ್, ಅದರ ಬೆನ್ನಿಗೇ ಒಂದು ಬೈಗುಳ. ಬೈಗುಳ ಕಿವಿಗೆ ಬಿದ್ದ ಮೇಲೆ ಸಮಾಧಾನವಾಯಿತು. ಮುಂದಿನ ಅಂಗಡಿಯ ಸೈಕಲ್ ರಿಪೇರಿಯವನು ಟ್ಯೂಬಿನ ಗಾಳಿ ಬಿಡುತ್ತಿದ್ದ. ಪಿಟೀಲು ಬೈಯುವುದಿಲ್ಲ.

ಸದ್ದು ಒಳಗಿನದೋ ಹೊರಗಿನದೋ? ಇಪ್ಪತ್ತೆರಡು ವರ್ಷಗಳಿಂದ ಅವಳ ಬಾಳು ಗಾಣದ ಎತ್ತಿನ ಹಾಗೆ ಈ ಒಂದು ಪ್ರಶ್ನೆಯನ್ನು ಸುತ್ತುತ್ತಿತ್ತು. ವಾದ್ಯದವರು ಎಲ್ಲೋ ಕೂತು ನುಡಿಸುತ್ತಾರೆ. ಒಂದೊಂದು ವಾದ್ಯದ ಮುಂದೆ ಒಂದೊಂದು ಮೈಕು. ಆ ಬಿಡಿ ಬಿಡಿ ಧ್ವನಿಗಳು ಇವಳ ಕೋಣೆಗೆ ಬರುತ್ತವೆ. ಯಾವುದು ಎಷ್ಟು ಮುಂದೆ, ಯಾವುದು ಎಷ್ಟು ಹಿಂದೆ ಎಂದು ಹದ ಮಾಡಿ ಎಲ್ಲವನ್ನೂ ಒಂದಾಗಿ ಬೆರೆಸುವುದು ಅವಳ ಕಸುಬು. ವಾದ್ಯದವರ ಬಾಯಲ್ಲಿ ಅವಳು ಕಿವಿಯಕ್ಕ. ನಲವತ್ತೆಂಟು ತುಂಬಿದ ಹೆಂಗಸಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುತ್ತಿರಲಿಲ್ಲವೇ ಎಂದು ಗಂಡ ಕೆಣಕುತ್ತಿದ್ದ. ಅವನು ಶಾಲೆಯಲ್ಲಿ ಆಟದ ಮೇಷ್ಟ್ರು. "ನಂದು ಸೀಟಿ, ಅವಳದ್ದು ಪಿಟೀಲು. ನಮ್ಮಿಬ್ಬರ ನಡುವೆ ಶಾಂತಿ ಅನ್ನೋದು ಬರಬೇಕಾದ್ರೆ ಕಿಟಕಿಯಿಂದ್ಲೇ ಬರಬೇಕು" ಎಂದು ನೆಂಟರ ಮುಂದೆ ಹೇಳಿ ನಗಿಸುತ್ತಿದ್ದ. ಆದರೆ ಅಡುಗೆಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಎಷ್ಟು ಮೆಲ್ಲಗೆ ತೆರೆದರೂ ಬಚ್ಚಲಿನಿಂದಲೇ ಅವಳ "ಎರಡೇ ಸಾಕು" ಎಂಬ ಕೂಗು ಬರುತ್ತಿದ್ದುದರಿಂದ, ಆ ಹೆಸರು ಸುಳ್ಳಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಕೋಣೆ ಸೈಕಲ್ ಅಂಗಡಿಯ ಹಿಂದೆ, ಹಳೆಯ ಗೋದಾಮಿನಲ್ಲಿ. ಗೋಡೆಗೆ ಹತ್ತಿಯ ಹಾಸಿಗೆಗಳನ್ನು ಹೊಡೆದು ಮೇಲೆ ಬೂದು ಬಟ್ಟೆ ಎಳೆದಿದ್ದಳು. ಇಟ್ಟಿಗೆಗಳ ಮೇಲೆ ಎರಡು ಸ್ಪೀಕರು. ಹಿಂಬದಿಯಲ್ಲಿ ಒಂದು ಸ್ಪ್ರಿಂಗು ಎದ್ದ ಸೋಫಾ. ಬಂದವರು ತಾವಾಗಿಯೇ ಆ ಜಾಗ ತಪ್ಪಿಸಿ ಕೂರುವುದನ್ನು ಕಲಿತಿದ್ದರು.

ಆ ದಿನ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಿಂದಿನ ಸಂಜೆ ಒಂದು ದೊಡ್ಡ ಕೆಲಸ ಮುಗಿಸಿ ಕಳಿಸಿದ್ದಳು. ಮಾಮೂಲಾಗಿ ಹಾಗೆ ಕಳಿಸಿದ ಮರುದಿನ ಹತ್ತು ಗಂಟೆಯವರೆಗೆ ಮಲಗುವವಳು, ಈ ಸಲ ಬೆಳಗಾಗುವ ಮೊದಲೇ ಎದ್ದು, ಬೀಗ ತೆಗೆದು, ಕಾಲು ಸುಟ್ಟ ಬೆಕ್ಕಿನ ಹಾಗೆ ಕೋಣೆಗೂ ರಸ್ತೆಗೂ ಓಡಾಡುತ್ತಿದ್ದಳು.

"ಏನಕ್ಕ, ಮೂರು ಸಲ ಆಚೆ ಬಂದು ಒಳಗೆ ಹೋದ್ರಿ," ಸೈಕಲ್ಲಿನವನು ಟೈರಿನೊಳಗಿಂದ ತಲೆ ಎತ್ತದೆ ಕೇಳಿದ. "ಏನಾದ್ರೂ ಕಳ್ಕೊಂಡ್ರಾ?"

"ಹಾಗನ್ನಿಸ್ತಿದೆ ಕಣೋ. ಏನು ಅಂತ ಗೊತ್ತಾಗ್ತಿಲ್ಲ."

"ಹಾಗಾದ್ರೆ ಸುಲಭ. ಏನು ಸಿಕ್ಕಿದ್ರೂ ಅದೇ ಅಂದ್ಕೊಳಿ."

ಕಳಿಸಿದ್ದು ಪಿಟೀಲು ಮೇಷ್ಟ್ರ ಏಳು ರಚನೆಗಳನ್ನು. ಮೇಷ್ಟ್ರಿಗೆ ಎಪ್ಪತ್ತೊಂದು. ಊರಿನ ಅರ್ಧ ಜನಕ್ಕೆ ಕಮಾನು ಹಿಡಿಯುವುದನ್ನು ಕಲಿಸಿದವರು. ತಮ್ಮ ಹೆಸರಿನಲ್ಲಿ ಒಂದು ರೆಕಾರ್ಡು ತಟ್ಟೆಯೂ ಇರಲಿಲ್ಲ. ಕೊನೆಗೊಮ್ಮೆ ಒಬ್ಬ ತಟ್ಟೆ ಕಂಪನಿಯವನು ಮನಸ್ಸು ಮಾಡಿದ. ಮೂರು ಬೆಳಗು ಒಂದು ಶಾಲೆಯ ಸಭಾಂಗಣದಲ್ಲಿ ಪಿಟೀಲು, ಪಿಯಾನೋ, ತಗ್ಗು ದನಿಯ ದೊಡ್ಡ ಬಾಸ್, ಡ್ರಮ್ಮು ಎಲ್ಲ ಒಟ್ಟಿಗೇ ಕೂತು ನುಡಿಸಿದವು. ಮೂರನೆಯ ಬೆಳಗಿನ ಹೊತ್ತಿಗೆ ಮೇಷ್ಟ್ರ ಬಲಗೈ ಸೋಲತೊಡಗಿತ್ತು. ಆಮೇಲೆ ಹದಿನೈದು ದಿನಕ್ಕೆ ಬೆರಳುಗಳು ಕಮಾನನ್ನೇ ಹಿಡಿಯದಾದವು. ಇನ್ನು ನುಡಿಸುವ ಮಾತಿಲ್ಲ ಎಂದರು ಡಾಕ್ಟರು. ಹಾಗಾಗಿ ಇದ್ದದ್ದು ಆ ಮೂರು ಬೆಳಗು, ಅಷ್ಟೇ.

ಒಟ್ಟಿಗೆ ಕೂತು ನುಡಿಸಿದರೆ ಒಂದು ತೊಂದರೆ. ಪಿಟೀಲಿನ ಮೈಕಿಗೆ ಡ್ರಮ್ಮೂ ನುಗ್ಗುತ್ತದೆ, ಬಾಸೂ ನುಗ್ಗುತ್ತದೆ, ಯಾರದೋ ಕುರ್ಚಿ ಕಿರುಗುಟ್ಟಿದ್ದೂ ಬಂದು ಕೂರುತ್ತದೆ. ಪಿಟೀಲು ಸುಮ್ಮನಿರುವ ಕಡೆಯಲ್ಲೆಲ್ಲ ಈ ಬೇಡದ ನೆಂಟರದೇ ಕಾರುಬಾರು. ಅದಕ್ಕೆ ಅವಳು ಬಳಸುತ್ತಿದ್ದುದು ಎಕ್ಸ್‌ಪ್ಯಾಂಡರ್ ಎಂಬ ಉಪಾಯ. ಒಮ್ಮೆ ಸೈಕಲ್ಲಿನವನು ಅದೇನೆಂದು ಕೇಳಿದಾಗ ಬಿಡಿಸಿ ಹೇಳಿದ್ದಳು.

"ನಾವೊಂದು ಗೆರೆ ಎಳೀತೀವಿ. ಗೆರೆಗಿಂತ ಮೇಲಿರೋ ಜೋರು ಸದ್ದನ್ನ ಅದು ಮುಟ್ಟಲ್ಲ. ಗೆರೆಗಿಂತ ಕೆಳಗಿರೋ ಸಣ್ಣ ಸದ್ದನ್ನ ಇನ್ನೂ ಸಣ್ಣ ಮಾಡುತ್ತೆ. ಎಷ್ಟು ಸಣ್ಣ ಅನ್ನೋದು ನಮ್ಮ ಕೈಲಿರುತ್ತೆ. ಜೋರಿಗೂ ಸಣ್ಣದಕ್ಕೂ ಅಂತರ ಜಾಸ್ತಿಯಾಗಿ, ಬೇಕಾದ್ದು ಎದ್ದು ಕಾಣುತ್ತೆ."

ಅವನು ಕೈಲಿದ್ದ ಪಂಪನ್ನು ಕೆಳಗಿಟ್ಟಿದ್ದ. "ಓಹೋ, ನಮ್ಮ ಮಾವನ ಥರ. ದೊಡ್ಡೋರು ಮಾತಾಡಿದ್ರೆ ತಲೆ ಅಲ್ಲಾಡಿಸ್ತಾ ಕೂರ್ತಾನೆ, ಸಣ್ಣೋರು ಬಾಯಿ ತೆಗೆದ್ರೆ ಇನ್ನಷ್ಟು ಅದುಮ್ತಾನೆ."

ಹನ್ನೊಂದಕ್ಕೆ ಮೇಷ್ಟ್ರು, ಅವರ ಹೆಂಡತಿ, ಜೊತೆಗೆ ತಟ್ಟೆ ಕಂಪನಿಯವನು ಬಂದರು. ಕಂಪನಿಯವನನ್ನು ಎಲ್ಲರೂ ಗಡುವಣ್ಣ ಎನ್ನುತ್ತಿದ್ದರು. ಅವನ ಬಾಯಲ್ಲಿ ನಮಸ್ಕಾರಕ್ಕಿಂತ ಮೊದಲು ಗಡುವು ಬರುತ್ತಿತ್ತು. "ನಾಲ್ಕು ಗಂಟೆಗೆ ಅಚ್ಚಿನವರು ತಟ್ಟೆ ಕೊರೆಯೋಕೆ ಶುರು ಮಾಡ್ತಾರೆ. ಅಷ್ಟರೊಳಗೆ ಮೇಷ್ಟ್ರು ಒಂದು ಸಲ ಕೇಳ್ಬಿಡ್ಲಿ ಅಂತ," ಎನ್ನುತ್ತ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಮೇಷ್ಟ್ರು ಸೋಫಾದಲ್ಲಿ ಕೂತರು. ಬಲಗೈಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು, ನಡುಕ ಯಾರಿಗೂ ಕಾಣದಿರಲೆಂದು.

ಆರು ರಚನೆಗಳು ಹರಿದವು. ಮೇಷ್ಟ್ರ ಎಡಗಾಲಿನ ಹೆಬ್ಬೆರಳು ಚಪ್ಪಲಿಯೊಳಗೇ ತಾಳ ಹಾಕುತ್ತಿತ್ತು. ಏಳನೆಯದು ನಿಧಾನದ್ದು. ಮೊದಲು ಡ್ರಮ್ಮು ನಿಂತು ಜಾಗ ಬಿಟ್ಟುಕೊಡುತ್ತದೆ, ಆಮೇಲೆ ಪಿಯಾನೋ. ಬಾಸು ತಳದಲ್ಲಿ ಒಂದೇ ಸ್ವರ ಹಿಡಿದು ನಿಲ್ಲುತ್ತದೆ. ಅದರ ಮೇಲೆ ಪಿಟೀಲೊಂದೇ ಮೆಟ್ಟಿಲಿಳಿದ ಹಾಗೆ ಇಳಿದು ಇಳಿದು ಬರುತ್ತದೆ. ಬರಬೇಕು. ಸ್ಪೀಕರಿನಲ್ಲಿ ಎರಡು ಮೆಟ್ಟಿಲಿಳಿದ ಪಿಟೀಲು ಮೂರನೆಯದರಲ್ಲಿ ಇರಲಿಲ್ಲ. ಬಾಸಿನ ಗುಂಯ್‌ಗುಡುವಿಕೆ ಒಂದೇ ಸ್ವಲ್ಪ ಹೊತ್ತು ಉಳಿದು, ಅದೂ ಆರಿಹೋಯಿತು.

ಬೆಳಗಿನಿಂದ ಅವಳು ಹುಡುಕುತ್ತಿದ್ದುದು ಸಿಕ್ಕಿತ್ತು.

"ಇಲ್ಲಿಗೆ ಮುಗೀತಾ?" ಮೇಷ್ಟ್ರು ಕೇಳಿದರು.

ಅವಳು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದಳು.

"ನಾನು ಇನ್ನೂ ನುಡಿಸಿದ್ದೆ ಅಂದ್ಕೊಂಡಿದ್ದೆ. ಕೆಳಗಿನ ತಂತಿ ತನಕ ಬಂದು, ಅಲ್ಲಿ ಕಮಾನು ಎತ್ತಿದ್ದು..." ಹೆಂಡತಿಯ ಕಡೆ ತಿರುಗಿದರು. "ಮನೇಗೆ ಬಂದು ಹೇಳಿದ್ನಲ್ಲ ನಿಂಗೆ?"

"ನನ್ನೇನು ಕೇಳ್ತೀರಿ, ನಾನೇನು ಅಲ್ಲಿದ್ನಾ? ಕನ್ನಡಕ ಹಣೆ ಮೇಲಿಟ್ಕೊಂಡು ಮನೆಯೆಲ್ಲಾ ಹುಡುಕೋರು ನೀವು." ಆಕೆ ತಮಾಷೆಗೇ ಅಂದದ್ದು. ದಿನಾ ಆಡುವ ಮಾತು. ದಿನಾ ಅವರು ನಗುತ್ತಿದ್ದರು.

ಆ ದಿನ ನಗಲಿಲ್ಲ. "ಎಲ್ಲರ ಹತ್ರ ಹೇಳ್ಕೊಂಡು ಬಂದೆ," ಎಂದರು. "ಕೊನೇತನಕ ನುಡಿಸಿದೀನಿ, ಕೈ ಕೈಕೊಡ್ಲಿಲ್ಲ ಅಂತ. ಪಾಠದ ಮಕ್ಕಳಿಗೂ ಹೇಳಿದೀನಿ. ಕೈ ಹೋಯ್ತು ಸರಿ. ಇದೂ ಹೋಯ್ತಾ?" ಎಡಗೈಯಿಂದ ಹಣೆಯನ್ನು ಮುಟ್ಟಿಕೊಂಡರು.

ಇಲ್ಲ ಮೇಷ್ಟ್ರೇ, ತಪ್ಪು ನನ್ನದು ಎನ್ನಬೇಕಿತ್ತು. ಮಾತು ನಾಲಿಗೆಯವರೆಗೂ ಬಂದಿತ್ತು. ಆದರೆ ಬಾಗಿಲಲ್ಲಿ ಗಡುವಣ್ಣ ನಿಂತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈಯಿಂದ ಹೋದ ಒಂದು ಕೆಲಸವೂ ವಾಪಸು ಬಂದಿರಲಿಲ್ಲ. ಬಾಯಿಂದ ಬೇರೆಯೇ ಒಂದು ಹೊರಟಿತು:

"ಪರವಾಗಿಲ್ಲ ಮೇಷ್ಟ್ರೇ. ಚೆನ್ನಾಗೇ ಮುಗಿದಿದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಷ್ಟ್ರು ತಲೆಯಾಡಿಸಿ, ಎದ್ದು, ಹೆಂಡತಿಯ ಭುಜ ಹಿಡಿದು, ಗಡುವಣ್ಣನ ಕಾರಿನ ಕಡೆ ನಡೆದರು.

ಬಾಗಿಲು ಮುಚ್ಚಿದ್ದೇ ಅವಳು ಪಿಟೀಲಿನ ಧ್ವನಿಯೊಂದನ್ನೇ ತೆಗೆದು, ಎಕ್ಸ್‌ಪ್ಯಾಂಡರನ್ನು ಕಿತ್ತುಹಾಕಿ, ಕೊನೆಯ ನಲವತ್ತು ಸೆಕೆಂಡನ್ನು ಕೇಳಿದಳು. ಡ್ರಮ್ಮಿನವನು ಕೋಲು ಕೆಳಗಿಟ್ಟ ಸದ್ದಿತ್ತು. ಕುರ್ಚಿಯೊಂದು ಕಿರುಗುಟ್ಟಿತು. ಮೂಗಿನಲ್ಲಿ ಎಳೆದ ಉಸಿರು. ಇವೆಲ್ಲದರ ನಡುವೆ ಮೂರನೆಯ ಮೆಟ್ಟಿಲು, ನಾಲ್ಕನೆಯದು, ಐದನೆಯದು. ನಡುಗುವ ಕಮಾನು ತಂತಿಯನ್ನು ಮುಟ್ಟಿತೋ ಇಲ್ಲವೋ ಎಂಬಷ್ಟು ಸಣ್ಣಗೆ, ಆದರೆ ಒಂದನ್ನೂ ಹಾರಿಸದೆ. ಹನ್ನೊಂದು ಸ್ವರಗಳು. ಕೊನೆಯದನ್ನು ಕೆಳಗಿನ ತಂತಿಯ ಮೇಲೆ ಉದ್ದಕ್ಕೆ ಎಳೆದು ಕಮಾನು ಎತ್ತಿದ್ದರು. ಅವರು ಹೇಳಿದ ಹಾಗೆಯೇ.

ಆದದ್ದಿಷ್ಟು. ಮೊದಲೆರಡು ಬೆಳಗಿನ ಆರು ರಚನೆಗಳಿಗೆ ಒಂದೊಂದಕ್ಕೂ ಎರಡೆರಡು ದಿನ ಕೂತು ಗೆರೆ ಎಳೆದಿದ್ದಳು. ನಿನ್ನೆ ಸಂಜೆ ಏಳನೆಯದು ಬಾಕಿಯಿದ್ದಾಗ ಗಡುವಣ್ಣ ಬಂದು ಬಾಗಿಲಲ್ಲಿ ಕೆಮ್ಮಿದ. ಆರನೆಯದರ ಗೆರೆಯನ್ನೇ ಎತ್ತಿ ಏಳನೆಯದಕ್ಕೆ ಅಂಟಿಸಿದಳು. ಮೊದಲ ಒಂದು ನಿಮಿಷ ಕೇಳಿದಳು. ಡ್ರಮ್ಮಿನ ಸೋರಿಕೆ ಹೋಗಿ ಕನ್ನಡಿಯಂತಾಗಿತ್ತು. ಮುಚ್ಚಿ ಕಳಿಸಿದಳು. ಆರನೆಯದನ್ನು ನುಡಿಸಿದ ಕೈಗೂ ಏಳನೆಯದನ್ನು ನುಡಿಸಿದ ಕೈಗೂ ನಡುವೆ ಒಂದು ರಾತ್ರಿ ಕಳೆದಿತ್ತು; ಕೈ ಸೋತಿತ್ತು. ಯಂತ್ರಕ್ಕೆ ಅದು ಹೇಗೆ ತಿಳಿಯಬೇಕು? ಗೆರೆಯ ಕೆಳಗೆ ಬಂದದ್ದೆಲ್ಲ ಅದಕ್ಕೆ ಕುರ್ಚಿಯ ಕಿರುಗುಟ್ಟುವಿಕೆಯೇ. ಒತ್ತಿ ಒತ್ತಿ ಇಲ್ಲವಾಗಿಸಿತ್ತು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ.

ಅವಳು ಎದ್ದಳು, ಕೂತಳು. ಫೋನು ಎತ್ತಿಕೊಂಡು ಕೆಳಗಿಟ್ಟಳು. ಕೊನೆಗೆ ಮೇಷ್ಟ್ರ ಮನೆಗೆ ಮಾಡಿದಳು. ಎತ್ತಿದ್ದು ಅವರ ಹೆಂಡತಿ.

"ಬಂದೋರು ಬಂದ ಹಾಗೇ ಗೋಡೆ ಕಡೆ ಮುಖ ಮಾಡಿ ಕೂತಿದಾರೆ ಕಣಮ್ಮ. ನಾಳೆ ಮರೆವಿನ ಡಾಕ್ಟರ ಹತ್ರ ಹೋಗೋಣ ಅಂದ್ರು. ಎರಡು ವರ್ಷದಿಂದ ನಾನು ಬಡ್ಕೊಂಡ್ರೂ ಬೇಡ ಅಂತಿದ್ದ ಮನುಷ್ಯ! ಐದು ಗಂಟೆಗೆ ಪಾಠಕ್ಕೆ ಬರೋ ಮಕ್ಕಳನ್ನ ವಾಪಸ್ ಕಳಿಸು, ಇನ್ಮೇಲೆ ಬರೋದು ಬೇಡ ಅಂತ ಹೇಳು ಅಂತಾರೆ. ನುಡಿಸಿದ್ದು ಯಾವುದು, ನುಡಿಸದೇ ಇದ್ದದ್ದು ಯಾವುದು ಅಂತ ಗೊತ್ತಿಲ್ದೋನು ಏನು ಕಲಿಸ್ಲಿ ಅಂತಾರೆ."

"ಅಮ್ಮ, ಅವರು ನುಡಿಸಿದಾರೆ. ಕೊನೇತನಕ ನುಡಿಸಿದಾರೆ. ನಾನು ಈಗಷ್ಟೇ ಕೇಳ್ದೆ."

ಆಕೆ ದನಿ ತಗ್ಗಿಸಿದಳು. "ನಿನ್ನ ಮನಸ್ಸು ಒಳ್ಳೇದು. ಆದ್ರೆ ಈಗ ಹಾಗೆ ಹೇಳಿದ್ರೆ ಅವರು ನಂಬಲ್ಲಮ್ಮ. ಬೆಳಗ್ಗೆ ನೀನೇ ಅಲ್ವಾ ಚೆನ್ನಾಗೇ ಮುಗಿದಿದೆ ಅಂದಿದ್ದು?"

ಫೋನಿಟ್ಟ ಮೇಲೆ ಕೋಣೆಯೊಳಗೆ ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ. ಗಂಡನಿಗೆ ಫೋನು ಮಾಡಿದಳು. ಹಿಂದೆ ಮಕ್ಕಳ ಗಲಾಟೆ, ಚೆಂಡಿನ ಸದ್ದು. ಅವನು ಪೂರ್ತಿ ಕೇಳಿಸಿಕೊಂಡ.

"ನೋಡು, ನಂಗೆ ನಿನ್ನ ಗೆರೆಗಿರೆ ಎಲ್ಲಾ ಅರ್ಥ ಆಗಲ್ಲ," ಎಂದ. "ನಮ್ಮಲ್ಲಿ ತಪ್ಪಾದ್ರೆ ಮೊದಲು ಸೀಟಿ ಊದಿ ಆಟ ನಿಲ್ಲಿಸ್ತೀವಿ. ಯಾರ ತಪ್ಪು, ಏನ್ ತಪ್ಪು ಅನ್ನೋ ಜಗಳ ಆಮೇಲೆ. ನಿಲ್ಲಿಸದೇ ಜಗಳ ಮಾಡ್ತಾ ಇದ್ರೆ ಅಷ್ಟರಲ್ಲಿ ಅವರು ಗೋಲ್ ಹೊಡೆದಿರ್ತಾರೆ."

ಅಚ್ಚಿನವರಿಗೆ ಫೋನು ಹೋಯಿತು. ಕಳಿಸಿದ ಚೀಟಿಯ ಮೇಲೆ ಸಹಿ ತನ್ನದು, ಏಳನೆಯದು ತಪ್ಪಾಗಿದೆ, ಕೊರೆಯಬೇಡಿ, ಇನ್ನೊಂದು ತರುತ್ತೇನೆ ಎಂದಳು. ಆ ಕಡೆಯವನು ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದ. "ನಿಮ್ಮಿಂದಾನಾ ಅಕ್ಕ?" ಎಂದ. "ಹೂಂ, ನನ್ನಿಂದಲೇ," ಎಂದಳು. ಮೊದಲ ಸಲ ಹೇಳಿದ್ದಕ್ಕೆ ಕಿವಿಯ ತುದಿ ಬಿಸಿಯಾಯಿತು. ನಾಳೆ ಬೆಳಗಿನವರೆಗೆ ಕಾಯುತ್ತೇನೆ ಎಂದ ಅವನು.

ಆಮೇಲೆ ಕೆಲಸಕ್ಕೆ ಕೂತಳು. ಎಕ್ಸ್‌ಪ್ಯಾಂಡರನ್ನು ಪೂರ್ತಿ ತೆಗೆದುಬಿಡುವುದು ಸುಲಭವಿತ್ತು. ಆದರೆ ಮೊದಲ ಮೂರು ನಿಮಿಷ ಡ್ರಮ್ಮು ಪಿಟೀಲಿನ ತಲೆಯ ಮೇಲೇ ಕೂರುತ್ತಿತ್ತು. ಹಾಗಾಗಿ ಡ್ರಮ್ಮು ಇರುವಷ್ಟು ದೂರ ಅದನ್ನು ಉಳಿಸಿದಳು, ಗೆರೆಯನ್ನು ತುಂಬ ಕೆಳಗೆ ತಂದು, ಅದುಮುವ ಜೋರನ್ನು ಇಳಿಸಿ. ಎಷ್ಟೇ ಅದುಮಿದರೂ ಸದ್ದು ಆರು ಡೆಸಿಬಲ್ಲಿಗಿಂತ ಹೆಚ್ಚು ಇಳಿಯಬಾರದೆಂದು ಕಟ್ಟುಹಾಕಿದಳು. ಪಿಯಾನೋ ಬಿಟ್ಟುಕೊಡುವ ಜಾಗದಿಂದ ಮುಂದಕ್ಕೆ ಯಂತ್ರಕ್ಕೆ ರಜೆ ಕೊಟ್ಟು, ಕೊನೆಯ ನಲವತ್ತು ಸೆಕೆಂಡನ್ನು ಬೆರಳಲ್ಲೇ ಏರಿಸಿದಳು, ಇಳಿಸಿದಳು. ಡ್ರಮ್ಮಿನ ಕೋಲಿನ ಸದ್ದನ್ನು ಕೈಯಾರೆ ತಗ್ಗಿಸಿದಳು. ಕುರ್ಚಿಯ ಕಿರುಗುಟ್ಟುವಿಕೆ ನಾಲ್ಕನೆಯ ಸ್ವರದ ಮೈಗೆ ಅಂಟಿಕೊಂಡಿತ್ತು. ಅದನ್ನು ತೆಗೆಯಹೋದರೆ ಸ್ವರದ ಚರ್ಮವೂ ಕಿತ್ತುಬರುತ್ತಿತ್ತು. ಬಿಟ್ಟಳು. ಉಸಿರನ್ನೂ ಬಿಟ್ಟಳು. ಒಮ್ಮೆಯಲ್ಲ, ಮೊದಲಿನಿಂದ ಕೊನೆಯವರೆಗೆ ನಾಲ್ಕು ಸಲ ಕೇಳಿದಳು. ನಾಲ್ಕನೆಯ ಸಲ ಹನ್ನೊಂದನ್ನೂ ಬೆರಳು ಮಡಚಿ ಎಣಿಸಿದಳು.

ಗಂಟೆ ಮೂರೂವರೆ. ಅದನ್ನು ಒಂದು ಪುಟ್ಟ ಪ್ಲೇಯರಿಗೆ ಇಳಿಸುತ್ತಿದ್ದಾಗ ಬಾಗಿಲು ದಡಾರನೆ ತೆರೆಯಿತು.

"ಯಾರನ್ನ ಕೇಳಿ ನಿಲ್ಲಿಸಿದ್ರಿ?" ಗಡುವಣ್ಣನ ಹಣೆಯಲ್ಲಿ ಬೆವರು. "ಅಚ್ಚಿನೋನು ಫೋನ್ ಮಾಡಿ, ನಿಮ್ಮ ಅಕ್ಕ ಆಟ ನಿಲ್ಲಿಸಿದಾಳೆ ಅಂತ ನಗ್ತಾನೆ. ನನ್ನ ಗಡುವೇನಾಯ್ತು?"

"ಕೂತ್ಕೊಳಿ. ಒಂದು ನಿಮಿಷ ಕೇಳಿ."

ಅವನು ಸ್ಪ್ರಿಂಗಿನ ಮೇಲೇ ಕೂತು, ಎದ್ದು, ಪಕ್ಕಕ್ಕೆ ಸರಿದು ಕೂತ. ಅವಳು ನಿನ್ನೆಯದನ್ನೂ ಇವತ್ತಿನದನ್ನೂ ಒಂದರ ಹಿಂದೆ ಒಂದು ಹಾಕಿದಳು. ಇವತ್ತಿನದರ ಕೊನೆಯನ್ನು ಅವನು ಇನ್ನೊಮ್ಮೆ ಹಾಕಿಸಿ ಕೇಳಿದ. ಕೆಟ್ಟ ಮನುಷ್ಯನಲ್ಲ, ಕಿವಿ ಇದ್ದವನೇ.

"ಸರಿ," ಎಂದ ಕೊನೆಗೆ. "ಇದೇ ಹೋಗ್ಲಿ. ಕುರ್ಚಿ ಸದ್ದಿದೆ, ಇರ್ಲಿ ಬಿಡಿ. ನಾಳೆ ಬೆಳಗ್ಗೆ ಕೊರೀಲಿ. ಆದ್ರೆ ಅಕ್ಕ, ಈಗ ಮೇಷ್ಟ್ರಿಗೆ ಏನೂ ಹೇಳೋಕೆ ಹೋಗ್ಬೇಡಿ."

"ಯಾಕೆ?"

"ಯಾಕೆ ಅಂದ್ರೆ? ಅವರ ಬಾಯಿ ಸುಮ್ನಿರುತ್ತಾ? ಊರಲ್ಲಿ ಪಿಟೀಲು ಹಿಡಿದೋರೆಲ್ಲಾ ಅವರ ಶಿಷ್ಯರೇ. ಕಿವಿಯಕ್ಕ ಮೇಷ್ಟ್ರ ಕೊನೇ ಸ್ವರಗಳನ್ನ ನುಂಗಿದ್ಲಂತೆ ಅಂತ ನಾಳೆ ಬೆಳಗಾಗೋದ್ರೊಳಗೆ ಊರೆಲ್ಲಾ ಟಾಂಟಾಂ. ನಿಮಗೆ ಆಮೇಲೆ ಯಾರು ಕೆಲಸ ಕೊಡ್ತಾರೆ? ನನ್ನ ಕಂಪನಿ ಹೆಸರೂ ಜೊತೆಗೇ ಹೋಗುತ್ತೆ. ಎರಡು ತಿಂಗಳಿಗೆ ತಟ್ಟೆ ಬರುತ್ತೆ. ಮನೇಲಿ ಹಾಕಿ ಕೇಳ್ತಾರೆ. ಅರೆ, ಇದೆಯಲ್ಲ ಅಂತ ಅವರೇ ಖುಷಿ ಪಡ್ತಾರೆ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು."

"ಎರಡು ತಿಂಗಳು," ಎಂದಳು ಅವಳು.

"ಎರಡೇ ತಿಂಗಳು."

ಗೋಡೆಯ ಕಡೆ ಮುಖ ಮಾಡಿ ಕೂತವರಿಗೆ ಎರಡು ತಿಂಗಳೆಂದರೆ ಎಷ್ಟು ಎಂದು ಅವಳು ಲೆಕ್ಕ ಹಾಕಿದಳು. ನಾಳೆ ಡಾಕ್ಟರು. ಇವತ್ತು ಐದಕ್ಕೆ ಪೆಟ್ಟಿಗೆ ಹೊತ್ತು ಬಂದ ಮಕ್ಕಳು ಬಾಗಿಲಿನಿಂದಲೇ ವಾಪಸು. ಎರಡು ತಿಂಗಳು ಕಳೆದು ತಟ್ಟೆ ಬಂದಾಗ ಆ ಮನುಷ್ಯ ತನ್ನ ಕಿವಿಯನ್ನೇ ನಂಬುವ ಸ್ಥಿತಿಯಲ್ಲಿ ಇರುತ್ತಾರೆಂದು ಯಾರು ಹೇಳಬಲ್ಲರು? ಎದೆಯೊಳಗೆ ಒಂದು ಭಯವೂ ಇತ್ತು, ಇಲ್ಲವೆಂದಲ್ಲ. ಇಪ್ಪತ್ತೆರಡು ವರ್ಷದ ಹೆಸರು. ಮುಂದಿನ ತಿಂಗಳು ಬರಬೇಕಿದ್ದ ಎರಡು ಕೆಲಸ. ಮೇಷ್ಟ್ರ ಹೆಂಡತಿಯ ಕಣ್ಣನ್ನು ನೋಡಿ "ಬೆಳಗ್ಗೆ ಗೊತ್ತಿದ್ದೂ ಸುಳ್ಳು ಹೇಳಿದೆ" ಎನ್ನಬೇಕಾದ ಆ ಒಂದು ವಾಕ್ಯ. ಅದನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿ ನೋಡಿದಳು. ಎರಡು ಸಲವೂ ನಡುವೆ ಮುರಿಯಿತು.

ಪ್ಲೇಯರನ್ನು ಚೀಲಕ್ಕೆ ಹಾಕಿದಳು. ಹೆಡ್‌ಫೋನಿನ ತಂತಿಯನ್ನು ಸುತ್ತತೊಡಗಿದಳು. ಕೈ ಅವಸರಪಡುತ್ತಿತ್ತು, ತಂತಿ ಗಂಟಾಯಿತು. ಗಂಟು ಗಂಟಾಗಿಯೇ ಚೀಲದೊಳಗೆ ತುರುಕಿದಳು.

"ಅವರೇ ಒಪ್ಕೊಂಡು ಹೋಗಿದಾರಲ್ಲ," ಗಡುವಣ್ಣ ಮುಂದುವರಿಸುತ್ತಿದ್ದ. ಸೋಫಾದ ಮೇಲೆ ಈಗ ಹಾಯಾಗಿ ಹಿಂದಕ್ಕೆ ಒರಗಿ, ಗೋಡೆಯ ಬೂದು ಬಟ್ಟೆಯನ್ನು ನೋಡುತ್ತ ಮಾತಾಡುತ್ತಿದ್ದ. "ನಾವಾಗೇ ಹೋಗಿ ಕೆದಕೋದ್ಯಾಕೆ? ವಯಸ್ಸಾದೋರು. ಇನ್ನೆರಡು ದಿನ ಕಳೆದ್ರೆ ಬೆಳಗ್ಗೆ ಇಲ್ಲಿಗೆ ಬಂದಿದ್ದೇ ಅವರಿಗೆ ನೆನಪಿರುತ್ತೋ ಇಲ್ವೋ. ಅಷ್ಟಕ್ಕೂ ಕೇಳಿದ್ರೆ ಹೇಳೋಣ, ಅವತ್ತು ಕೇಳಿಸಿದ್ದು ಕಚ್ಚಾ ಪ್ರತಿ, ಇನ್ನೂ ಪೂರ್ತಿಯಾಗಿರ್ಲಿಲ್ಲ ಅಂತ. ಅದು ಸುಳ್ಳೂ ಅಲ್ಲ, ನೋಡಿ. ಒಂಥರಾ ನಿಜಾನೇ. ನೀವು ಸುಮ್ನೆ ಒಂದು..."

ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲು ದಾಟಿದಳು.

"ಅಕ್ಕಾ? ಎಲ್ಲಿಗೆ? ನಾನಿನ್ನೂ ಮಾತಾಡ್ತಾ ಇದೀನಿ! ಕಾರಲ್ಲಾದ್ರೂ ಬನ್ನಿ, ದಾರೀಲಿ ಮಾತಾಡೋಣ, ಏನು ಹೇಳ್ಬೇಕು ಅಂತ ಸರಿಯಾಗಿ..."

ಐದಕ್ಕೆ ಇನ್ನೂ ಒಂದು ಗಂಟೆಯಿತ್ತು. ಮೇಷ್ಟ್ರ ಬೀದಿಯ ಕಡೆ ಹೋಗುವ ಬಸ್ಸು ಮೂಲೆಯಲ್ಲಿ ತಿರುಗುತ್ತಿತ್ತು. ಅವಳು ಚೀಲವನ್ನು ಎದೆಗೆ ಒತ್ತಿಕೊಂಡು ಓಡಿದಳು.